ಕೆಳಗೆ ನೋಡದೇ ಇದ್ದಿದ್ದರೆ ಅವನು ಬೀಳ್ತಾನೇ ಇರಲಿಲ್ವಾ? ಮಗಳ ಪ್ರಶ್ನೆಯಿಂದ ಶುರುವಾದ ಕಾರ್ಟೂನ್ ಚರ್ಚೆ

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುವುದೆಲ್ಲ ಮಾವು, ಟೊಮೆಟೊ ರೇಟು, ಮಳೆ. ಇವತ್ತು ಬೇರೆ ವಿಷಯ. ಮಕ್ಕಳ ಕಾರ್ಟೂನ್. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನನ್ನ ಮಗಳಿಗೆ ಏಳು ವರ್ಷ. ಸಂಜೆಯಾದರೆ ನನ್ನ ಫೋನು ಅವಳ ಕೈಯಲ್ಲಿ. ಈಗ ಅವಳಿಗೆ ಹಿಡಿದಿರುವುದು ರೋಡ್ ರನ್ನರ್ ಹುಚ್ಚು. ನೋಡದವರಿಗೆ ಹೇಳುತ್ತೇನೆ. ಮರಳುಗಾಡು. ಹಸಿದ ಒಂದು ಕೊಯೋಟಿ, ಅಂದರೆ ಅಮೆರಿಕದ ಕಡೆಯ ಸಣ್ಣ ತೋಳ. ಅದರ ಮುಂದೆ ಗಾಳಿಯ ಹಾಗೆ ಓಡುವ ಒಂದು ಹಕ್ಕಿ. ಆ ಹಕ್ಕಿ ಬರೀ ಕಲ್ಪನೆಯಲ್ಲ, ನಿಜವಾಗಿಯೂ ಇದೆ. ಕೋಗಿಲೆ ಕುಟುಂಬದ್ದು. ನಮ್ಮ ಹೊಲದ ಬದುವಿನಲ್ಲಿ ಓಡಾಡುವ ಕೆಂಬೂತಕ್ಕೆ ದೂರದ ನೆಂಟ. ಕೊಯೋಟಿ ಆ ಹಕ್ಕಿಯನ್ನು ಹಿಡಿಯಬೇಕು. ಅಷ್ಟೇ ಕಥೆ. ಮೊದಲ ಚಿತ್ರ ಬಂದಿದ್ದು 1949ರಲ್ಲಿ. ನಿರ್ದೇಶಕರು ಚಕ್ ಜೋನ್ಸ್, ಕಥೆ ಬರೆದವರು ಮೈಕೆಲ್ ಮಾಲ್ಟೀಸ್. ಮಾತೇ ಇಲ್ಲ, ಹಾಗಾಗಿ ನಮ್ಮ ಊರಿನ ಮಗುವಿಗೂ ಪೂರ್ತಿ ಅರ್ಥವಾಗುತ್ತದೆ.

ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ. ಕೊಯೋಟಿ ಓಡುವ ಭರದಲ್ಲಿ ಬಂಡೆಯ ಅಂಚು ದಾಟಿಬಿಡುತ್ತಾನೆ. ಕಾಲ ಕೆಳಗೆ ನೆಲ ಇಲ್ಲ. ಆದರೂ ಬೀಳುವುದಿಲ್ಲ. ಗಾಳಿಯಲ್ಲೇ ಓಡುತ್ತಾನೆ. ಏನೋ ಅನುಮಾನ ಬಂದು ನಿಲ್ಲುತ್ತಾನೆ. ಕಾಲಿನಿಂದ ತಡವುತ್ತಾನೆ. ಕೆಳಗೆ ನೋಡುತ್ತಾನೆ. ನಮ್ಮ ಕಡೆ ತಿರುಗಿ ಮುಖ ಸಪ್ಪೆ ಮಾಡುತ್ತಾನೆ. ಆಗ ಬೀಳುತ್ತಾನೆ. ತುಂಬಾ ಕೆಳಗೆ, ಸಾಸಿವೆಯಷ್ಟು ಚಿಕ್ಕದಾದ ಮೇಲೆ, ಒಂದು ಹಿಡಿ ಧೂಳು ಏಳುತ್ತದೆ.

ಮಗಳು ಕೇಳಿದಳು: "ಅಪ್ಪಾ, ಕೆಳಗೆ ನೋಡ್ದೇ ಇದ್ದಿದ್ರೆ ಅವನು ಬೀಳ್ತಾನೇ ಇರಲಿಲ್ವಾ?"

ನನಗೆ ನಗು ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ. ನಮ್ಮ ತೋಟದಲ್ಲಿ ನಾಲ್ಕು ಬೋರ್ ಕೊರೆಸಿದ್ದೇನೆ. ಮೊದಲನೆಯದು ಎರಡು ವರ್ಷ ನೀರು ಕೊಟ್ಟು ನಿಂತಿತು. ಎರಡನೆಯದರಲ್ಲಿ ಅರ್ಧ ಇಂಚು. ಮೂರನೆಯದು ಒಣಗಿದ್ದು. ನಾಲ್ಕನೆಯದು 1350 ಅಡಿ, ಅದೂ ಒಣಗಿದ್ದು. ಬೋರ್ ಹಾಕಿಸಿದವರಿಗೆ ಗೊತ್ತು, ನೀರು ಇಲ್ಲದಿದ್ದರೆ ಮೇಲೆ ಬರುವುದೇನು ಅಂತ. ಧೂಳು. ಲಾರಿಯ ಪಕ್ಕದಿಂದ ಬಿಳಿ ಧೂಳು ಎದ್ದು ಹುಣಸೆ ಎಲೆಯ ಮೇಲೆಲ್ಲ ಕೂತಿತ್ತು. ರಾತ್ರಿ ಎರಡು ಗಂಟೆಗೆ ಟಾರ್ಚ್ ಬೆಳಕಿನಲ್ಲಿ ಅದನ್ನೇ ನೋಡುತ್ತಾ ನಿಂತಿದ್ದೆ. ಫೋನಿನಲ್ಲಿ ಆ ಹಿಡಿ ಧೂಳು ಎದ್ದಾಗ ನನಗೆ ಕಂಡಿದ್ದು ಅದು.

ಮೂರನೆಯದು ಹೋದಾಗಲೇ ನಮ್ಮ ಕಾಲ ಕೆಳಗೆ ನೆಲ ಇರಲಿಲ್ಲ. ಸಾಲದ ಲೆಕ್ಕ ಬರೆದ ಪುಸ್ತಕವನ್ನು ನಾನು ತೆಗೆದು ನೋಡಿರಲಿಲ್ಲ, ಅಷ್ಟೇ. ನೋಡದೇ ಇದ್ದುದರಿಂದ ನಾಲ್ಕನೆಯದಕ್ಕೆ ಓಡಿದೆ.

ಮಗಳು ಅಲ್ಲಿಗೇ ಬಿಡಲಿಲ್ಲ. ಕೊಯೋಟಿ ಆಕ್ಮೆ ಅನ್ನುವ ಕಂಪನಿಯಿಂದ ಪೆಟ್ಟಿಗೆ ಪೆಟ್ಟಿಗೆ ಸಾಮಾನು ತರಿಸುತ್ತಾನೆ. ರಾಕೆಟ್, ಸ್ಪ್ರಿಂಗ್, ಆಯಸ್ಕಾಂತ. ಎಲ್ಲವೂ ಅವನ ಮೇಲೇ ತಿರುಗುತ್ತದೆ. "ಅಷ್ಟು ದುಡ್ಡಲ್ಲಿ ಒಂದು ಕೋಳಿ ತಗೊಂಡು ತಿನ್ನಬಹುದಲ್ವಾ?" ಅಂದಳು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು.

ನನ್ನ ಪ್ರಶ್ನೆ ಇಷ್ಟು. ಮಕ್ಕಳನ್ನು ನಗಿಸುವುದಕ್ಕೆ ಮಾಡಿದ ಇದರೊಳಗೆ ಇಷ್ಟು ದೊಡ್ಡ ವಿಷಯ ನಿಜವಾಗಿಯೂ ಇದೆಯಾ? ಅಥವಾ ನನ್ನ ತಲೆಯಲ್ಲಿ ಇರುವುದನ್ನು ನಾನೇ ಅಲ್ಲಿ ಕಾಣುತ್ತಿದ್ದೇನಾ?

ಸಿರಾ ಸೀಮೆ

ಅಣ್ಣ, ಬೋರಿನ ವಿಷಯ ಓದಿ ಬೇಜಾರಾಯಿತು. ನಮ್ಮ ಕಡೆಯೂ ಅದೇ ಪಾಡು.

ಆದರೆ ಕಾರ್ಟೂನಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನನ್ನ ಮಗನಿಗೆ ನಾಲ್ಕು ವರ್ಷ. ಟಾಮ್ ಅಂಡ್ ಜೆರ್ರಿ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಬೆಕ್ಕಿನ ತಲೆಗೆ ಬಾಣಲೆ ಬಿತ್ತು, ನಗು ಬಂತು. ಅದರಲ್ಲಿ ಯಾವ ತತ್ವ? ನಗುವನ್ನು ಬಿಡಿಸುತ್ತಾ ಕೂತರೆ ಈರುಳ್ಳಿ ಸುಲಿದ ಹಾಗೆ. ಕೈಯಲ್ಲಿ ಏನೂ ಉಳಿಯುವುದಿಲ್ಲ, ಕಣ್ಣಲ್ಲಿ ನೀರು ಮಾತ್ರ. ಮಕ್ಕಳು ಸುಮ್ನೆ ನಗಲಿ ಬಿಡಿ.

ಹೈಸ್ಕೂಲ್ ವಿಜ್ಞಾನ, ತುಮಕೂರು

ಸಿರಾ ಅವರೇ, ಬಾಣಲೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಬಂಡೆಯ ಅಂಚು. ಪ್ರತಿ ವರ್ಷ ನನ್ನ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಮೇಜಿನ ಮೇಲೆ ಒಂದು ಗೋಲಿ ಉರುಳಿಸುತ್ತೇನೆ. ಅಂಚು ದಾಟಿದ ಮೇಲೆ ಅದು ಹೋಗುವ ದಾರಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ ಅನ್ನುತ್ತೇನೆ. ತುಂಬಾ ಮಕ್ಕಳು ಬರೆಯುವುದು ಹೀಗೆ: ಸ್ವಲ್ಪ ದೂರ ನೇರವಾಗಿ ಗೆರೆ, ಆಮೇಲೆ ಧಡಕ್ಕನೆ ಕೆಳಕ್ಕೆ ಇನ್ನೊಂದು ಗೆರೆ. ಥೇಟ್ ಕೊಯೋಟಿ ಬೀಳುವ ದಾರಿ. ಇದು ದಡ್ಡತನವಲ್ಲ. ಸಾವಿರ ವರ್ಷ ದೊಡ್ಡ ದೊಡ್ಡ ಪಂಡಿತರೇ ಹೀಗೆ ಯೋಚಿಸಿದ್ದಾರೆ. 14ನೇ ಶತಮಾನದ ಪ್ಯಾರಿಸ್ಸಿನ ಜಾನ್ ಬುರಿಡಾನ್, ಅವರಿಗೂ ಮೊದಲು ಪರ್ಷಿಯಾದ ಇಬ್ನ್ ಸೀನಾ, ಇಬ್ಬರೂ ಎಸೆದ ವಸ್ತುವಿನ ಒಳಗೆ ಒಂದು ನೂಕುವ ಶಕ್ತಿ ತುಂಬಿಕೊಂಡಿರುತ್ತದೆ ಅಂತ ಹೇಳಿದರು. ಅದು ಇರುವವರೆಗೆ ವಸ್ತು ಮುಂದಕ್ಕೆ, ಮುಗಿದ ಮೇಲೆ ಕೆಳಕ್ಕೆ. ಗೆಲಿಲಿಯೋ 1638ರ ಪುಸ್ತಕದಲ್ಲಿ ತೋರಿಸಿದ್ದು ಬೇರೆ. ಅಂಚು ದಾಟಿದ ಕ್ಷಣದಿಂದಲೇ ಬೀಳುವುದು ಶುರು. ಮುಂದಕ್ಕೂ ಹೋಗುತ್ತದೆ, ಬೀಳುತ್ತಲೂ ಇರುತ್ತದೆ. ದಾರಿ ಬಾಗಿರುತ್ತದೆ.

ಅಂದರೆ ಮಾವಿನತೋಪು ಅವರ ಮಗಳಿಗೆ ನೇರ ಉತ್ತರ: ಇಲ್ಲಮ್ಮ, ನೋಡಿದರೂ ಬೀಳುತ್ತಾನೆ, ನೋಡದಿದ್ದರೂ ಬೀಳುತ್ತಾನೆ. ಆದರೆ ಅವಳ ಪ್ರಶ್ನೆ ಇದಲ್ಲ ಅನ್ನುವುದು ನನಗೂ ಗೊತ್ತು.

ನಾನು ಗಮನಿಸಿದ್ದನ್ನು ಹೇಳುತ್ತೇನೆ. ಈ ದೃಶ್ಯವನ್ನು ಕ್ಲಾಸಿನಲ್ಲಿ ತುಂಬಾ ಸಲ ತೋರಿಸಿದ್ದೇನೆ. ಮಕ್ಕಳು ನಗುವುದು ಅವನು ಬಿದ್ದಾಗ ಅಲ್ಲ. ಅವನು ಕೆಳಗೆ ನೋಡುವುದಕ್ಕೂ ಮೊದಲೇ ನಗು ಶುರುವಾಗಿರುತ್ತದೆ. ನೆಲ ಇಲ್ಲ ಅನ್ನುವುದು ಮಕ್ಕಳಿಗೆ ಗೊತ್ತು. ಅವನಿಗೆ ಗೊತ್ತಿಲ್ಲ. ದಿನವಿಡೀ "ನಿನಗೆ ಗೊತ್ತಾಗಲ್ಲ, ಸುಮ್ನಿರು" ಅನ್ನಿಸಿಕೊಳ್ಳುವ ಮಗುವಿಗೆ, ತನಗೆ ಮೊದಲೇ ಗೊತ್ತಿರುವ ಒಂದು ಜಾಗ ಸಿಗುತ್ತದೆ. ಅದರ ಖುಷಿ ಅದು. ನಾಲ್ಕು ವರ್ಷದ ಹುಡುಗನಿಗೂ ಬಾಣಲೆ ಗಟ್ಟಿ, ತಲೆ ಮೆತ್ತಗೆ ಅನ್ನುವುದು ಗೊತ್ತು. ತಲೆ ಬಾಣಲೆಯ ಆಕಾರ ತಾಳಿದಾಗ ಆ ತಿಳಿವಳಿಕೆ ತಲೆಕೆಳಗಾಗುತ್ತದೆ. ಲೋಕ ಹೇಗಿದೆ ಅಂತ ಗೊತ್ತಿಲ್ಲದಿದ್ದರೆ ಅದು ತಪ್ಪಿದ್ದು ಕಾಣುವುದು ಹೇಗೆ? ನಗು ಬಂತು ಅಂದರೆ ಒಂದು ನಿಯಮ ಆ ಮಗುವಿನ ತಲೆಯಲ್ಲಿ ಆಗಲೇ ಕೂತಿದೆ ಅಂತ ಅರ್ಥ.

ಮಾವಿನತೋಪು, ಶ್ರೀನಿವಾಸಪುರ

ಮೇಷ್ಟ್ರೇ, "ಮಕ್ಕಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ" ಅನ್ನುವ ಸಾಲನ್ನು ಹೆಂಡತಿಗೆ ಓದಿ ಹೇಳಿದೆ. ನಾಲ್ಕನೆಯ ಬೋರಿಗೆ ಪಾಯಿಂಟ್ ಹಾಕಿದ ದಿನ, ನೀರು ಎಲ್ಲಿದೆ ಅಂತ ನೋಡಲು ಹಿಡಿದ ತೆಂಗಿನಕಾಯಿ ಅಂಗೈಯಲ್ಲಿ ಎದ್ದು ನಿಂತಾಗ, ಅವಳಿಗೆ ಗೊತ್ತಿತ್ತಂತೆ. ಅವಳು ನಗಲಿಲ್ಲ, ಅಷ್ಟೇ.

ಮೂಡಲಪಾಯ, ತಿಪಟೂರು

ಹಾಸ್ಯ ಚಕ್ರವರ್ತಿ ನರಸಿಂಹರಾಜು ಅವರ ಊರಿನವನು ನಾನು. ನಗುವನ್ನು ಹಗುರವಾಗಿ ನೋಡುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಕಾರ್ಟೂನು ಹೊರಗಿನಿಂದ ಬಂದಿರಬಹುದು. ಆದರೆ ಬೆಳಕಿನ ಮುಂದೆ ಬಣ್ಣದ ಚಿತ್ರಗಳನ್ನು ಕುಣಿಸಿ, ದೊಡ್ಡ ವಿಷಯವನ್ನು ತಮಾಷೆಯಲ್ಲಿ ಹೇಳುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ತೊಗಲು ಗೊಂಬೆಯಾಟ ನೋಡಿದ್ದೀರಾ? ಬಿಳಿ ಪರದೆ, ಹಿಂದೆ ದೀಪ, ಚರ್ಮದಲ್ಲಿ ಕೊರೆದು ಬಣ್ಣ ಹಾಕಿದ ಗೊಂಬೆಗಳು. ರಾಮ, ರಾವಣ ಬರುತ್ತಾರೆ, ಸರಿ. ಆದರೆ ಮಕ್ಕಳು ಕಾಯುವುದು ಕಿಳ್ಳೆಕ್ಯಾತನಿಗೆ. ದಪ್ಪ ಹೊಟ್ಟೆ, ವಿಕಾರ ಮುಖ. ಜೊತೆಗೆ ಹೆಂಡತಿ ಬಂಗಾರಕ್ಕ. ಇಬ್ಬರೂ ಜಗಳವಾಡುತ್ತಾರೆ, ಬೀಳುತ್ತಾರೆ, ಏಳುತ್ತಾರೆ, ಊರಿನ ದೊಡ್ಡವರನ್ನೂ ಬಿಡುವುದಿಲ್ಲ. ಆಟ ಆಡಿಸುವ ಜನಾಂಗಕ್ಕೇ ಆ ಹಾಸ್ಯಗಾರನ ಹೆಸರು ಅಂಟಿಕೊಂಡಿದೆ. ರಾಮನ ಹೆಸರಲ್ಲ, ನೋಡಿ.

ನಮ್ಮ ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಹನುಮನಾಯಕ ಅನ್ನುವ ಹಾಸ್ಯಗಾರ ಇದ್ದಾನೆ. ರಾಜ ಕಿರೀಟ ಹೊತ್ತು ಕುಣಿದು ಬಂದು ತನ್ನ ಪ್ರತಾಪ ಹೇಳಿಕೊಳ್ಳುತ್ತಾನೆ. ಹನುಮನಾಯಕ ಪಕ್ಕದಲ್ಲಿ ನಿಂತು ಮಕ್ಕಳು ಕೇಳುವಂಥ ಪ್ರಶ್ನೆ ಕೇಳುತ್ತಾನೆ. ಅಷ್ಟು ದೊಡ್ಡ ರಾಜ್ಯ ಇದ್ದರೆ ಇಲ್ಲಿಗೆ ಯಾಕೆ ಬಂದೆ, ಊಟ ಆಯ್ತಾ, ಇಂಥವು. ರಾಜ ಉತ್ತರಕ್ಕೆ ತಡಕಾಡುತ್ತಾನೆ. ರಾತ್ರಿಯಿಡೀ ಕೂತು ನೋಡುತ್ತಿದ್ದ ನಮಗೆ ಆಗ ಅನ್ನಿಸುತ್ತಿತ್ತು: ಕಿರೀಟದ ಕೆಳಗೆ ಇರುವುದೂ ನಮ್ಮ ಥರದ ಒಂದು ತಲೆಯೇ. "ಒಂದು ಕೋಳಿ ತಗೊಂಡು ತಿನ್ನಬಹುದಲ್ವಾ" ಅನ್ನುವುದು ಹನುಮನಾಯಕನ ಪ್ರಶ್ನೆ. ನಿಮ್ಮ ಮಗಳು ಅದನ್ನು ತಾನೇ ಕಂಡುಕೊಂಡಿದ್ದಾಳೆ.

ಇನ್ನೊಂದು ಮಾತು. ಕೋಲಾರದವರು ನೀವು, ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ. ಹಿಂದೆ ಮಳೆ ಹೋದ ವರ್ಷ ಊರಿನವರು ದುಡ್ಡು ಕೂಡಿಸಿ ತೊಗಲು ಗೊಂಬೆ ಆಡಿಸುತ್ತಿದ್ದರು, ಮಳೆ ಬರಲಿ ಅಂತ. ಆ ಆಟದಲ್ಲೂ ಕಿಳ್ಳೆಕ್ಯಾತ ಇರುತ್ತಿದ್ದ. ಹೊಲ ಬಿರುಕು ಬಿಟ್ಟಿದೆ, ಮನೆಯಲ್ಲಿ ರಾಗಿ ಮುಗಿಯುತ್ತಾ ಬಂದಿದೆ, ಜನ ಚಾಪೆ ಹಾಸಿಕೊಂಡು ಕೂತು ನಗುತ್ತಿದ್ದಾರೆ. ನಾನು ಚಿಕ್ಕವನಿದ್ದಾಗ ಇದು ವಿಚಿತ್ರ ಅನ್ನಿಸಿರಲಿಲ್ಲ. ಈಗ ಯೋಚಿಸಿದರೆ, ಅಷ್ಟು ಕಷ್ಟವನ್ನು ಎಲ್ಲರೂ ಒಟ್ಟಿಗೆ ಕೂತು ನೇರವಾಗಿ ನೋಡುವುದಕ್ಕೆ ಅವರಿಗೆ ಇದ್ದ ದಾರಿ ಅದೇ ಇರಬೇಕು.

ಇಬ್ಬರ ಅಮ್ಮ, ಚಿಕ್ಕಬಳ್ಳಾಪುರ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೂ ನನ್ನದು ಸ್ವಲ್ಪ ಬೇರೆ ಮಾತು.

ನನ್ನ ದೊಡ್ಡ ಮಗ ಸ್ವಲ್ಪ ದಪ್ಪ. ಅವನ ಶಾಲೆಯಲ್ಲಿ ಅವನಿಗೆ ಮೋಟು ಅಂತ ಹೆಸರು. ಮೋಟು ಪತ್ಲು ಕಾರ್ಟೂನಿನ ದಪ್ಪಗಿನ ಮೋಟು ಸಮೋಸಾ ಕಂಡರೆ ಬಾಯಿ ಬಿಡುತ್ತಾನೆ ಅಲ್ವಾ, ಹಾಗಾಗಿ ಇವನು ಡಬ್ಬಿ ತೆರೆದರೆ ಸಾಕು, ಸುತ್ತ ಕೂತವರೆಲ್ಲ ಆ ಹಾಡು ಶುರು ಮಾಡುತ್ತಾರೆ. ಆರು ತಿಂಗಳು ಅವನು ಡಬ್ಬಿಯನ್ನು ತುಂಬಿದ ಹಾಗೇ ವಾಪಸ್ ತಂದಿದ್ದಾನೆ. ಟೀಚರ್‌ಗೆ ಹೇಳಿದರೆ, "ಮಕ್ಕಳು ತಮಾಷೆ ಮಾಡ್ತಾರೆ ಬಿಡಿ" ಅಂದರು.

ಹಾಗಾಗಿ ಕಾರ್ಟೂನಿನ ನಗು ಅಂದಾಗ ನಾನು ಮೊದಲು ಕೇಳುವುದು, ನಗು ಯಾರ ಮೇಲೆ ಅಂತ. ಟಾಮ್ ಅಂಡ್ ಜೆರ್ರಿಯನ್ನು ಎಲ್ಲರೂ ಹೊಗಳುತ್ತಾರೆ. ಏಳು ಆಸ್ಕರ್ ಬಂದಿದೆ. ಆದರೆ 1940ರಲ್ಲಿ ಬಂದ ಮೊದಲ ಚಿತ್ರದಿಂದಲೇ ಅದರಲ್ಲಿ ಮನೆಗೆಲಸದ ಒಬ್ಬ ಕಪ್ಪು ಹೆಂಗಸು ಇದ್ದಾಳೆ. ಮುಖ ತೋರಿಸುವುದೇ ಅಪರೂಪ. ಕಾಲು, ಚಪ್ಪಲಿ, ಬೈಗುಳ. ಅವಳ ಮಾತಿನ ರೀತಿಯನ್ನೇ ತಮಾಷೆ ಮಾಡಿದ್ದಾರೆ. ಆಮೇಲೆ ಟಿವಿಗೆ ಹಾಕುವಾಗ ಕೆಲವು ಕಡೆ ಅವಳ ಚಿತ್ರವನ್ನೂ ದನಿಯನ್ನೂ ಬದಲಾಯಿಸಿದರು. ಅಂದರೆ ಅದು ತಪ್ಪು ಅಂತ ಅವರಿಗೂ ಗೊತ್ತಾಗಿತ್ತು. ಮನೆಗೆಲಸ ಮಾಡಿ ನನ್ನನ್ನು ಓದಿಸಿದ ಅಮ್ಮನ ಮಗಳು ನಾನು. ಆ ದೃಶ್ಯ ಬಂದಾಗ ನನಗೆ ನಗಲು ಆಗುವುದಿಲ್ಲ.

ಇದನ್ನು ಬರೆಯುತ್ತಾ ಕೊಯೋಟಿಯನ್ನೂ ಯೋಚಿಸಿದೆ. ಮಕ್ಕಳ ಜೊತೆ ಕೂತು ಮೂರು ಕಂತು ನೋಡಿದೆ. ಅವನನ್ನು ಯಾರೂ ಬೀಳಿಸುವುದಿಲ್ಲ. ಹಕ್ಕಿ ಅವನಿಗೆ ಏನೂ ಮಾಡುವುದಿಲ್ಲ. ಬಂದು ಬೀಪ್ ಬೀಪ್ ಅಂದು ಹೋಗುತ್ತದೆ. ಪೆಟ್ಟು ತಿನ್ನುವುದೆಲ್ಲ ತನ್ನದೇ ಹಟದಿಂದ. ಅವನು ದಪ್ಪ ಅಂತಲೋ ಕಪ್ಪು ಅಂತಲೋ ಯಾರೂ ನಗುತ್ತಿಲ್ಲ. ನನ್ನ ಮಗ ಕೂಡ ಅದನ್ನು ನೋಡಿ ನಕ್ಕ. ತುಂಬಾ ದಿನವಾಗಿತ್ತು ಅವನು ಹಾಗೆ ನಕ್ಕು. ಈ ಎರಡು ನಗು ಒಂದೇ ಅಲ್ಲ. ಇದನ್ನು ಬಿಟ್ಟು ತತ್ವದ ಮಾತಾಡಿದರೆ ನಾನು ಒಪ್ಪುವುದಿಲ್ಲ.

ಚಾಂಪಿಯನ್ ರೀಫ್, ಕೆಜಿಎಫ್

ಮೇಡಂ ಗಮನಿಸಿದ್ದು ಸರಿ. ಅದು ತಾನಾಗಿ ಆಗಿದ್ದಲ್ಲ. ಹಕ್ಕಿ ಕೊಯೋಟಿಗೆ ಬೀಪ್ ಬೀಪ್ ಅನ್ನುವುದು ಬಿಟ್ಟು ಬೇರೆ ಯಾವ ತೊಂದರೆಯನ್ನೂ ಕೊಡಬಾರದು ಅಂತ ಚಕ್ ಜೋನ್ಸ್ ನಿಯಮವನ್ನೇ ಬರೆದಿದ್ದಾರೆ. ಇನ್ನೊಂದು ನಿಯಮ ಹೀಗಿದೆ: ಕೊಯೋಟಿ ಯಾವಾಗ ಬೇಕಾದರೂ ನಿಲ್ಲಿಸಬಹುದು, ಹಟಮಾರಿ ಆಗಿಲ್ಲದಿದ್ದರೆ. ಹಟ ಅಂದರೆ ಏನು ಅನ್ನುವುದಕ್ಕೆ ಅವರು ಜಾರ್ಜ್ ಸಂತಯಾನ ಅನ್ನುವ ತತ್ವಜ್ಞಾನಿಯ ಮಾತನ್ನು ಇಟ್ಟುಕೊಂಡಿದ್ದರು. ಗುರಿ ಮರೆತುಹೋದ ಮೇಲೂ ಪ್ರಯತ್ನವನ್ನು ಎರಡರಷ್ಟು ಮಾಡುವುದೇ ಅದು ಅನ್ನುವ ಅರ್ಥದ ಮಾತು. ಜೋನ್ಸ್ ಚಿಕ್ಕವರಿದ್ದಾಗ ಮಾರ್ಕ್ ಟ್ವೈನ್ 1872ರಲ್ಲಿ ಬರೆದ ಪ್ರವಾಸದ ಪುಸ್ತಕ ಓದಿದ್ದರು. ಅದರಲ್ಲಿ ಬರುವ ಕೊಯೋಟಿ ಎಲುಬು ಕಾಣುವ, ಯಾವಾಗಲೂ ಹಸಿದಿರುವ ಪ್ರಾಣಿ. ಹಸಿವೇ ನಾಲ್ಕು ಕಾಲಿನ ಮೇಲೆ ಓಡಾಡಿದ ಹಾಗೆ. ಅಲ್ಲಿಂದ ಇವನು ಹುಟ್ಟಿದ.

ಹಾಗಾಗಿ ಮಾವಿನತೋಪು ಅವರೇ, ನಿಮ್ಮ ತಲೆಯಲ್ಲಿರುವುದನ್ನು ನೀವು ಅಲ್ಲಿ ಕಾಣುತ್ತಿಲ್ಲ. ಅದನ್ನು ಅಲ್ಲಿ ಇಟ್ಟಿದ್ದಾರೆ.

ನಮ್ಮ ತಾತ ಇಲ್ಲಿನ ಗಣಿಯಲ್ಲಿ ಇದ್ದರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ. ಚಿನ್ನ ಕಡಿಮೆ ಆದಷ್ಟೂ ಆಳಕ್ಕೆ ಹೋದರು, ಆಳ ಆದಷ್ಟೂ ಖರ್ಚು ಜಾಸ್ತಿ ಆಯಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅದಕ್ಕೆ ಎಷ್ಟೋ ವರ್ಷ ಮೊದಲೇ ಎಲ್ಲರಿಗೂ ಗೊತ್ತಿತ್ತು ಅಂತ ತಾತ ಹೇಳುತ್ತಿದ್ದರು. ಆದರೂ ಬೆಳಗಿನ ಸೈರನ್ ಕೇಳಿದರೆ ಎಲ್ಲರೂ ಎದ್ದು ಹೋಗುತ್ತಿದ್ದರು. ಇದನ್ನು ಹಟ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಮನೆಯ ಅಕ್ಕಿ ಅದರಲ್ಲೇ ಇತ್ತು. ಕೊಯೋಟಿಯದ್ದೂ ಬರೀ ಹಟವಲ್ಲ, ಅವನಿಗೂ ಹಸಿವಿದೆ. ಹಸಿವು ಎಲ್ಲಿ ಮುಗಿಯಿತು, ಹಟ ಎಲ್ಲಿ ಶುರುವಾಯಿತು ಅಂತ ಓಡುತ್ತಿರುವವನಿಗೆ ಗೊತ್ತಾಗುವುದಿಲ್ಲ.

ಗೌರಿಬಿದನೂರು ಓದುಗ

ಸ್ಕೂಬಿ ಡೂ ಬಗ್ಗೆ ಯಾರೂ ಬರೆಯಲಿಲ್ಲ, ಹಾಗಾಗಿ ನಾನು. 1969ರಲ್ಲಿ ಶುರುವಾಗಿದ್ದು. ನಾಲ್ಕು ಹುಡುಗ ಹುಡುಗಿಯರು, ಒಂದು ಪುಕ್ಕಲು ನಾಯಿ. ಎಲ್ಲಿ ಹೋದರೂ ದೆವ್ವ. ನಾಯಿ ನಡುಗುತ್ತದೆ, ಓಡುತ್ತದೆ, ನಾವು ನಗುತ್ತೇವೆ. ಕೊನೆಗೆ ದೆವ್ವವನ್ನು ಹಿಡಿದು ಮುಖವಾಡ ಕಿತ್ತರೆ ಒಳಗೆ ಒಬ್ಬ ಮನುಷ್ಯ. ಜಾಗಕ್ಕೋ ದುಡ್ಡಿಗೋ ಆಸೆ ಬಿದ್ದು ಜನರನ್ನು ಹೆದರಿಸುತ್ತಿದ್ದವನು.

ನಮ್ಮ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡುವುದಕ್ಕೆ ಒಂದು ಸಮಿತಿ ಮಾಡಿದರು. ಮುಖವಾಡ ಕಿತ್ತು ನೋಡಿ ಅಂತಲೇ ಅವರೂ ಹೇಳುತ್ತಿದ್ದದ್ದು. ನನಗೆ ಚಿಕ್ಕಂದಿನಲ್ಲಿ ಹಿತ್ತಲಿನ ಬಾವಿಯ ಕಡೆ ಹೋಗಲು ಭಯ. ಸ್ಕೂಬಿ ಡೂ ನೋಡಿದ ಮೇಲೆ ಒಂದು ರಾತ್ರಿ ಟಾರ್ಚ್ ಹಿಡಿದು ಹೋದೆ. ಕಾಲು ನಡುಗುತ್ತಿತ್ತು. ಬಾವಿಯ ರಾಟೆಗೆ ಯಾರೋ ಹಳೆಯ ಪಂಚೆ ಒಣಗಲು ಹಾಕಿದ್ದರು. ಅಲ್ಲೇ ನಿಂತು ಒಬ್ಬನೇ ನಕ್ಕೆ.

ಆಮೇಲೆ ಬಂದ ಕೆಲವು ಸ್ಕೂಬಿ ಡೂಗಳಲ್ಲಿ ದೆವ್ವ ನಿಜವಾಗಿಯೇ ಇರುತ್ತದೆ. ನನಗೆ ಅದು ಇಷ್ಟವಿಲ್ಲ. ನಗುವಿಗೆ ಇದ್ದ ಬಲವನ್ನೇ ಕಿತ್ತುಕೊಂಡ ಹಾಗಾಯಿತು.

ಸಿರಾ ಸೀಮೆ

ಮತ್ತೆ ನಾನೇ. ಮೊನ್ನೆ ಬರೆದ ಮಾತನ್ನು ಸ್ವಲ್ಪ ತಿದ್ದಬೇಕು.

ನಮ್ಮ ಅಮ್ಮ ಹೋಗಿ ಎರಡು ತಿಂಗಳಾಯಿತು. ನಿನ್ನೆ ರಾತ್ರಿ ಮಗ ಟಾಮ್ ಅಂಡ್ ಜೆರ್ರಿ ನೋಡುತ್ತಿದ್ದ. ಟಾಮ್ ಮೇಲೆ ಪಿಯಾನೋ ಬಿತ್ತು. ರೊಟ್ಟಿಯ ಹಾಗೆ ಚಪ್ಪಟೆ ಆದ. ಎದ್ದು ನಡೆದ. ಮಗ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ ಹಿಂಗೆ ಎದ್ದೇಳಲ್ಲ ಅಲ್ವಾ?" ಅಂದ. ಇಲ್ಲ ಕಂದ ಅಂದೆ. "ಗೊತ್ತು. ಟಾಮ್ ಮಾತ್ರ ಎದ್ದೇಳೋದು" ಅಂದು ಮತ್ತೆ ನೋಡತೊಡಗಿದ.

ಎರಡು ತಿಂಗಳಿಂದ ಮನೆಯಲ್ಲಿ ಯಾರೂ ಅವನ ಹತ್ತಿರ ಇದನ್ನು ಮಾತಾಡಿರಲಿಲ್ಲ. ಅಜ್ಜಿ ಊರಿಗೆ ಹೋಗಿದ್ದಾರೆ ಅಂದಿದ್ದೆವು. ಮೇಷ್ಟ್ರು ಹೇಳಿದ್ದು ಈಗ ಅರ್ಥವಾಯಿತು. ನಿಯಮ ಅವನಿಗೆ ಗೊತ್ತಿತ್ತು.

ಇಬ್ಬರ ಅಮ್ಮ, ಚಿಕ್ಕಬಳ್ಳಾಪುರ

ಸಿರಾ ಅವರೇ, ಮಗನನ್ನು ಹತ್ತಿರ ಕೂರಿಸಿಕೊಂಡು ಅಜ್ಜಿಯ ವಿಷಯ ಮಾತಾಡಿ. ಫೋಟೋ ತೋರಿಸಿ. ಅವನು ಕಾಯುತ್ತಿದ್ದಾನೆ ಅನ್ನಿಸುತ್ತದೆ.

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ಧನ್ಯವಾದ. ಮೂರು ದಿನದಿಂದ ಮನೆಯಲ್ಲಿ ಇದೇ ಮಾತು. ಕೆಜಿಎಫ್ ಅವರು ಬರೆದ ಹಸಿವು ಮತ್ತು ಹಟದ ಸಾಲನ್ನು ನಾನು ಎರಡು ಸಲ ಓದಿದೆ.

ಶನಿವಾರ ರಾತ್ರಿ ಮಗಳು ಮಲಗಿದ ಮೇಲೆ ಲೆಕ್ಕದ ಪುಸ್ತಕ ತೆಗೆದೆವು. ಒಂದೊಂದೇ ಕೂಡಿಸಿ ಬರೆದಿದ್ದು ಹೆಂಡತಿ. ನನ್ನ ಕೈ ಓಡಲಿಲ್ಲ. ಮೊತ್ತ ನೋಡಿದಾಗ ನಾನು ಮುಖ ಎತ್ತಿ ಅವಳನ್ನು ನೋಡಿದೆ. ಅವಳು, "ಥೇಟ್ ಆ ಕೊಯೋಟಿ ಮುಖ" ಅಂದಳು. ಇಬ್ಬರಿಗೂ ನಗು ಬಂತು. ಮಗಳು ಎದ್ದುಬಿಡುತ್ತಾಳೆ ಅಂತ ಬಾಯಿ ಮುಚ್ಚಿಕೊಂಡು ನಕ್ಕೆವು. ಬೋರ್ ಲಾರಿಯವನಿಗೆ ಫೋನ್ ಮಾಡಿ ಐದನೆಯ ಪಾಯಿಂಟ್ ಈಗ ಬೇಡ ಅಂದಿದ್ದೇನೆ. ಕೃಷಿ ಹೊಂಡಕ್ಕೆ ಅರ್ಜಿ ಹಾಕುವುದು ಹೇಗೆ ಅಂತ ಗೊತ್ತಿರುವವರು ಬೇರೆ ಚರ್ಚೆಯಲ್ಲಿ ಬರೆಯಿರಿ.

ತಿಪಟೂರಿನ ಹಿರಿಯರೇ, ತೊಗಲು ಗೊಂಬೆಯ ಮೇಳ ಈಗಲೂ ಕರೆದರೆ ಬರುತ್ತದಾ? ನಮ್ಮೂರ ಜಾತ್ರೆಗೆ ಕರೆಸುವ ಆಸೆ.

ಮಗಳಿಗೆ ಈಗ ಹೊಸ ಪ್ರಶ್ನೆ. "ಕೊಯೋಟಿ ಓಡಿಸ್ಕೊಂಡು ಬರ್ದೇ ಇದ್ರೆ, ಆ ಹಕ್ಕಿಗೆ ಬೇಜಾರಾಗಲ್ವಾ?" ಉತ್ತರ ಇದ್ದವರು ಹೇಳಿ.

ಮೂಡಲಪಾಯ, ತಿಪಟೂರು

ಬರುತ್ತಾರೆ. ಮೇಳಗಳು ಕಡಿಮೆಯಾಗಿವೆ, ಕಲಾವಿದರು ಇದ್ದಾರೆ. ವಿಚಾರಿಸಿ ಹೇಳುತ್ತೇನೆ. ಕಿಳ್ಳೆಕ್ಯಾತನ ಭಾಗ ಪೂರ್ತಿ ಆಡಬೇಕು ಅಂತ ಮೊದಲೇ ಹೇಳಿಬಿಡಿ. ಈಗ ಟೈಮ್ ಇಲ್ಲ ಅಂತ ಅದನ್ನೇ ಮೊದಲು ಕತ್ತರಿಸುತ್ತಾರೆ.

ಹೈಸ್ಕೂಲ್ ವಿಜ್ಞಾನ, ತುಮಕೂರು

ನಾಳೆ ಎರಡನೇ ಪಿರಿಯಡ್ ಎಂಟನೇ ಕ್ಲಾಸಿಗೆ. ಹಕ್ಕಿಯ ಪ್ರಶ್ನೆಯನ್ನು ಅವರಿಗೇ ಕೇಳಿ, ಸಂಜೆ ಬರೆಯುತ್ತೇನೆ.